ರಸೀದಿ ನಂಬರು

ವರ್ಣತಂತು ಅಂದರೆ ಅವ್ವನಿಗೆ ಬಣ್ಣ ಅದ್ದಿದ ನೂಲು.
ಬೆಟಗೇರಿಯ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು
ದಿನಾ ಸಂಜೆ ಕೇಳುತ್ತಾಳೆ:
"ಇವತ್ತ ಎಷ್ಟ ಎಳಿ ಎಣಿಸಿದ್ಯವಾ?"
ನಲವತ್ತಾರು ಅನ್ನುತ್ತೇನೆ.
"ಅಷ್ಟನ?" ಎಂದು ನಗುತ್ತಾಳೆ,
ಸಾವಿರ ಸಾವಿರ ಎಳೆಯ ಹಾಸು ಹೂಡಿದವಳು.

ವಿದ್ಯಾನಗರದ ಲ್ಯಾಬು, ಎರಡನೆಯ ಮಹಡಿ.
ಸೂಜಿಯಿಂದ ಎಳೆದ ಗರ್ಭದ ನೀರು ಬರುತ್ತದೆ,
ಎಳೆಬಿಸಿಲಿನ ಬಣ್ಣ, ನಾಲ್ಕೇ ಚಮಚ.
ಹೆಸರಿರುವುದಿಲ್ಲ, ನಂಬರು.
ಹತ್ತು ದಿನ ಬೆಚ್ಚಗಿಟ್ಟು ಬೆಳೆಸುತ್ತೇವೆ,
ತಾಯ ಮೈಬಿಸಿಯಷ್ಟೇ, ಒಂದು ಡಿಗ್ರಿಯೂ ಹೆಚ್ಚಿಲ್ಲ.
ಕೋಶ ಒಡೆದು ಎರಡಾಗುವ ಗಳಿಗೆಗೆ
ಒಂದು ಹನಿ ಔಷಧ. ನಿಂತುಬಿಡುತ್ತದೆ.
ಮೊಳದೆತ್ತರದಿಂದ ಗಾಜಿನ ಮೇಲೆ ಬೀಳಿಸಿದರೆ
ಎಳೆಗಳು ಚದುರಿ ಬೀಳುತ್ತವೆ, ನೇರಳೆ ಪಟ್ಟೆ ಪಟ್ಟೆ,
ಮದುವೆಮನೆ ಬಾಗಿಲಿನ ಚಪ್ಪಲಿಗಳ ಹಾಗೆ.
ಮೆಹರುನ್ನಿಸಾ, ನಾನು, ಜೋಡಿ ಹುಡುಕುತ್ತೇವೆ.
ದೊಡ್ಡವು ಮೊದಲು. ಇಪ್ಪತ್ತೊಂದು ಎಲ್ಲಕ್ಕಿಂತ ಸಣ್ಣದು,
ಸಜ್ಜೆಯ ಮೊಳಕೆ.

ಸೋಮವಾರ ಆ ಮನೆಯಲ್ಲಿ ಮೂರು ಕೂತಿದ್ದವು.
ಇಪ್ಪತ್ತು ಕೋಶ ನೋಡಿದೆ. ಮತ್ತೆ ಹತ್ತು.
ಧೂಳೇನೋ ಎಂದು ಗಾಜು ಒರೆಸಿದಳು ಮೆಹರು.
ಧೂಳಲ್ಲ.

ಆವತ್ತೇ ಸಂಜೆ ಗದಗ ಪ್ಯಾಸೆಂಜರಿನಲ್ಲಿ
ಎದುರಿಗೆ ಕೂತವಳು, ಕುಸುಗಲ್ ದಾಟುವುದರೊಳಗೆ
ಬುತ್ತಿ ಬಿಚ್ಚಿದಳು. ಖಡಕ್ ರೊಟ್ಟಿ, ಶೇಂಗಾ ಹಿಂಡಿ.
ಹೆಸರು ಫಕೀರವ್ವ, ವಯಸ್ಸು ಮೂವತ್ತೊಂಬತ್ತು, ಊರು ಹುಲಕೋಟಿ.
"ಹದಿನಾರು ವರ್ಷಕ್ಕ ನಿಂತೈತ್ರಿ. ರಕ್ತಾ ನೋಡಿ
ಐವತ್ತರಾಗ ಒಂದು ಅಂದ್ರು.
ಸಂತ್ಯಾಗ ಐವತ್ತು ಬದನೀಕಾಯಿ ತಂದ್ರ
ಒಂದರ ಹುಳಕ ಬರೂದಿಲ್ಲೇನು?
ನಲವತ್ತೊಂಬತ್ತು ಚಲೋ ಇರ್ತಾವಲ್ಲ.
ರಿಪೋರ್ಟ್ ಕೇಳಾಕ ಹೋಗಿದ್ನಿ,
ಹೊಂಬಳ ಡಾಕ್ಟರ್ ಗುರುವಾರ ಸಹಿ ಮಾಡ್ತಾರಂತ."

ರಸೀದಿ ತೋರಿಸಿದಳು. ಹಿಂಡಿಯ ಎಣ್ಣೆ ಇಳಿದು
ಕೊನೆಯ ಅಂಕಿ ಮಸುಕು, ಮೂರೋ ಎಂಟೋ.
ಉಳಿದ ಅಂಕಿಗಳು ನನಗೆ ಬಾಯಿಪಾಠ.
ಹೆಬಸೂರಿನ ತನಕ ಅದನ್ನು ಎಂಟು ಎಂದೇ ಓದಿದೆ.

"ಲ್ಯಾಬಿನಾಗ ಇರ್ತೀರಿ? ಗಂಡೋ ಹೆಣ್ಣೋ ಗೊತ್ತಾಕ್ಕೈತೇನ್ರಿ?"
ಗೊತ್ತಾಗುತ್ತದೆ. ಕೊನೆಯ ಜೋಡಿ.
ಅದನ್ನು ಮರೆಮಾಡಿಯೇ ಕಾಗದ ಕಳಿಸುತ್ತೇವೆ.
"ಹೇಳಂಗಿಲ್ಲವಾ, ಕಾನೂನು ಐತಿ."
"ಬ್ಯಾಡ ಬಿಡ್ರಿ. ಯಾವುದರ ಇರ್ಲಿ."

ಅಣ್ಣಿಗೇರಿಯಲ್ಲಿ ಗಾಡಿ ಸುಮ್ಮನೆ ನಿಂತಿತು, ಕ್ರಾಸಿಂಗು.
ಅವ್ವನ ಹಾಸಿನಲ್ಲಿ ಒಂದೆಳೆ ಹೆಚ್ಚಾದರೆ
ಬೆರಳಿಗೇ ತಿಳಿಯುತ್ತಿತ್ತು. ಸೀರೆ ಹರಿಯುತ್ತಿರಲಿಲ್ಲ ಅವಳು,
ಸಾವುಕಾರ ಅರ್ಧ ಮಜೂರಿ ಕೊಡುತ್ತಿದ್ದ, ಅಷ್ಟೇ.
ಹೇಳೋಣ ಅನ್ನಿಸಿತು ಇದನ್ನು. ಹೇಳಲಿಲ್ಲ.
ಸೀರೆ ಸೀರೆಯೇ. ಅದರ ಎದೆಯಲ್ಲಿ ತೂತಿರುವುದಿಲ್ಲ,
ನಾನು ಹೋದಮೇಲೆ ಯಾರು ಎಂಬ ಪ್ರಶ್ನೆ ಇರುವುದಿಲ್ಲ,
ಮತ್ತೆ ಸೀರೆ ನಗುವುದೂ ಇಲ್ಲ
ನಮ್ಮ ಓಣಿಯ ತೋಂಟಪ್ಪನ ಹಾಗೆ,
ಬಸ್‌ಸ್ಟ್ಯಾಂಡಿನ ಒಬ್ಬೊಬ್ಬ ಡ್ರೈವರನನ್ನೂ ಹೆಸರು ಹಿಡಿದು ಕರೆದು.

"ಸೂಜಿ ಚುಚ್ಚಿದ್ರಲ್ಲ, ಕೂಸಿಗೆ ಬಡದಿರಬಹುದೇನ್ರಿ?"
ಇದೊಂದಕ್ಕೆ ನನ್ನ ಬಳಿ ಉತ್ತರವಿತ್ತು.
"ಇಲ್ಲವಾ. ಪಡದ್ಯಾಗ ಕೂಸಿನ್ನ ನೋಡ್ಕೋತನ ಚುಚ್ಚತಾರ.
ಅದೂ ಒಮ್ಮೊಮ್ಮೆ ಆ ಕಡೆ ಸರದಿರ್ತೈತಿ."
"ಸರೀತೈತಾ?"
ಹೊಟ್ಟೆಯ ಮೇಲೆ ಅಂಗೈ ಇಟ್ಟು ನಕ್ಕಳು.
"ಜಾಣ ಐತಲ್ಲ ಹಂಗಾರ!"

ಹುಲಕೋಟಿಯಲ್ಲಿ ಇಳಿದಳು,
ಉಳಿದೆರಡು ರೊಟ್ಟಿ ನನ್ನ ಚೀಲಕ್ಕೆ ತುರುಕಿ.

ಮಗ್ಗ ನಿಲ್ಲಿಸಿ ಅವ್ವ ಒಂದು ಚೂರು ಮುರಿದುಕೊಂಡಳು.
"ಯಾರ ಕೊಟ್ರು?"
ಹೆಸರು ಹೇಳುವಂತಿಲ್ಲ ನಮ್ಮ ಕೆಲಸದಲ್ಲಿ.
ನಂಬರು ಮಾತ್ರ ಬಾಯಿಗೆ ಬಂತು,
ಪೂರ್ತಿ, ಕೊನೆಗೆ
ಮೂರು.