ಬೀಸುಕಲ್ಲಿನ ಗೂಟ

ಬೂರಾ ಗಾಳಿ ಬೀದಿಯ ಟೋಪಿಗಳನ್ನೆಲ್ಲ ಕಡಲಿಗಟ್ಟುತ್ತಿದ್ದ ಮಂಗಳವಾರ
ಇಬ್ಬರೂ ಬಂದು ನನ್ನ ಮೇಜಿನೆದುರು ಕೂತರು.
ರಿಯೆಕಾ ಬಂದರಿನ ಮುಂದೆ ನನ್ನದೊಂದು ಟಿಕೆಟ್ಟಿನ ಅಂಗಡಿ,
ಒಂದು ಕಿಟಕಿ, ಎರಡು ಕುರ್ಚಿ, ಕೆಟ್ಟ ಕಾಫಿ.

ನೆವೆಂಕಾ ಮೊದಲು ಚೀಲ ಇಳಿಸಿದಳು, ಆಮೇಲೆ ಮಾತು:
"ಅಲುಗಬಾರದು. ಸದ್ದಿರಬಾರದು.
ಕಿವಿಯೊಳಗಿನ ನೀರು ಚೂರು ತುಳುಕಿದರೂ ಸಾಕು,
ಗೋಡೆಗಳು ಗಿರಗಿಟ್ಲೆ ಆಡುತ್ತವೆ ನನ್ನ ಸುತ್ತ."
ಸ್ರೆಚ್ಕೊ ತುಟಿ ಬಿಚ್ಚಲಿಲ್ಲ.
ಆತನ ಉಗುರಿನ ಸಂದಿಯಲ್ಲಿ
ಹನ್ನೆರಡು ವರ್ಷದ ನಿವೃತ್ತಿ ತೊಳೆಯಲಾರದ
ಎಣ್ಣೆಯ ಕಪ್ಪು.

ಹಡಗಿನ ನಕ್ಷೆ ಹರಡಿದೆ,
ಜೇನುಹುಟ್ಟಿನ ಹಾಗೆ ಕೋಣೆಯ ಪಕ್ಕ ಕೋಣೆ.
ಇನ್ನು ನನ್ನ ಬಾಯಿಪಾಠ:
ಮೂತಿಯ ಕಡೆ ಬೇಡ, ಅಲೆ ಮೊದಲು ಕದ ತಟ್ಟುವುದು ಅಲ್ಲೇ,
ಬೆಳಗಿನ ಜಾವ ಲಂಗರು ಬಿಟ್ಟರೆ
ಸರಪಳಿ ನಿಮ್ಮ ತಲೆಬುರುಡೆಯೊಳಗೇ ಉರುಳುತ್ತದೆ.
ಹತ್ತನೆಯ ಅಂತಸ್ತಿನ ಬಾಲ್ಕನಿ ಚೆಂದ, ನಿಜ,
ಆದರೆ ತುದಿಕೊಂಬೆಯ ಗೂಡೇ ಹೆಚ್ಚು ತೂಗುವುದು.
ಇದು ಅಡುಗೆಮನೆಯ ಕೆಳಗೆ, ನಾಲ್ಕಕ್ಕೇ ತಳ್ಳುಗಾಡಿಯ ಗಡಗಡ.
ಇಲ್ಲಿ ಮೇಲೆ ಕುಣಿತ, ಹಿಮ್ಮಡಿಗಳು ಹನ್ನೆರಡಾದರೂ ಮಲಗುವುದಿಲ್ಲ.
ನಕ್ಷೆಯಲ್ಲಿ ಬಿಳಿಯಾಗಿ ಬಿಟ್ಟ ಜಾಗವನ್ನಂತೂ ನಂಬಲೇಬೇಡಿ,
ಹೆಸರಿಲ್ಲದ ಕಡೆಯೇ ಪಂಪು, ಲಿಫ್ಟಿನ ಮೋಟಾರು,
ರಾತ್ರಿಯಿಡೀ ಯಾರದೋ ಹಾಸಿಗೆಬಟ್ಟೆ ಒಗೆಯುವ ಯಂತ್ರ.

ಬೀಸುಕಲ್ಲು ತಿರುಗುತ್ತದೆ, ಗೂಟ ತಿರುಗುವುದಿಲ್ಲ.
ಆ ಗೂಟದ ಹತ್ತಿರ ಹೋಗಿ, ಅಂದೆ:
ನಡುಭಾಗ, ಕೆಳಗಿನ ಅಂತಸ್ತು,
ಮೇಲೂ ಮಲಗಿದವರು, ಕೆಳಗೂ ಮಲಗಿದವರು.
ಕಿಟಕಿಯಿದ್ದರೆ ದಿಗಂತದ ಗೆರೆ ಸಿಗುತ್ತದೆ,
ತಲೆ ಒರಗಲಿಕ್ಕೆ ಅದೂ ಒಂದು ಗೋಡೆ.

"ಕಿಟಕಿ ಬೇಡ," ಅಂದಳು ನೆವೆಂಕಾ.
"ಕಿಟಕಿಯಲ್ಲಿ ನಿಂತು ಮೂವತ್ತೆಂಟು ವರ್ಷ
ಇವನ ಹಡಗುಗಳನ್ನು ಎಣಿಸಿದ್ದೇನೆ."

ಆಗ ಸ್ರೆಚ್ಕೊನ ಬೆರಳು ನಕ್ಷೆಗಿಳಿಯಿತು.
ನಡುವಿಗಲ್ಲ. ಹಿಂದಕ್ಕೆ, ತಳಕ್ಕೆ,
ಯಾರೂ ಕೇಳಿ ಪಡೆಯದ ಅಗ್ಗದ ಮೂಲೆಗೆ.
"ಅದು ಇಂಜಿನ್ನಿನ ನೆತ್ತಿ ಸ್ವಾಮಿ."
"ಗೊತ್ತು."

ಆಕೆ ಹೇಳಿದ್ದು ನನಗೆ, ಆತನಿಗಲ್ಲ:
"ಮನೆಯಲ್ಲಿ ಇವನು ಮಲಗುವುದು ಅಡುಗೆಮನೆಯ ಬೆಂಚಿನ ಮೇಲೆ,
ಫ್ರಿಜ್ಜಿಗೆ ಬೆನ್ನು ಕೊಟ್ಟು.
ನಡುರಾತ್ರಿ ಅದು ತನ್ನಷ್ಟಕ್ಕೆ ತಾನು ಸುಮ್ಮನಾಯಿತೆನ್ನಿ,
ದಡಕ್ಕನೆ ಎದ್ದು ಬೂಟು ಹುಡುಕುತ್ತಾನೆ."
"ಇಂಜಿನ್ನು ನಿಂತರೆ," ಆತ ನೆಲ ನೋಡುತ್ತ ಅಂದ,
"ಎದ್ದೇಳಬೇಕಲ್ಲ."

ಎರಡು ಕೋಣೆ ಕೊಡಲೇ, ಎಂದು ಕೇಳಿಬಿಟ್ಟೆ.
ಕೇಳಬಾರದಿತ್ತು.
ಗಾಳಿ ಫಲಕವನ್ನು ಕಿರುಗುಟ್ಟಿಸಿತು.
ಕಾಫಿಗೆ ಕೆನೆ ಕಟ್ಟಿತು.

ಆಮೇಲೆ ನೋಡಿ, ಆಕೆಯ ಬೆರಳು ನಡುವಿನಿಂದ ಹೊರಟಿತು,
ಒಂದು ಕದ, ಎರಡು ಕದ, ಮೆಟ್ಟಿಲು ದಾಟಿ.
ಆತನದು ಹಿಂದಿನಿಂದ ತೆವಳಿತು ಮುಂದಕ್ಕೆ,
ಬೇಡದ ಮನಸ್ಸಿನ ಬಸವನಹುಳು.
ನಾಲ್ಕು ಸಾವಿರದ ಇನ್ನೂರ ಎಪ್ಪತ್ತಾರರ ಮೇಲೆ
ಎರಡೂ ಉಗುರು ತಾಗಿದವು.

ಹೇಳುವುದು ನನ್ನ ಕೆಲಸ, ಹೇಳಿದೆ:
ಇದು ಅಷ್ಟೇನೂ ಮೌನವಲ್ಲ,
ಗೂಟಕ್ಕೆ ಅಷ್ಟೇನೂ ಹತ್ತಿರವಲ್ಲ.

"ಎಷ್ಟು ಅಲುಗುತ್ತದೆ?" ಎಂದು ಆಕೆ ಗಂಡನನ್ನು ಕೇಳಿದಳು.
ಸ್ರೆಚ್ಕೊ ಅಂಗೈಯನ್ನು ನನ್ನ ಮೇಜಿಗೆ ಮಗುಚಿಟ್ಟ,
ಕಣ್ಣು ಮುಚ್ಚಿದ,
ಎಲ್ಲಿಂದಲೋ ಒಂದು ಸಣ್ಣ ನಡುಕವನ್ನು ಕರೆದು ತಂದ:
"ಇಷ್ಟು."

ನೆವೆಂಕಾ ಕೈಗವಸು ಕಳಚಿದಳು.
ತನ್ನ ಕೈಯನ್ನು ಆ ಕೈ ಮೇಲಿಟ್ಟು
ಜ್ವರ ನೋಡುವವಳಂತೆ ಬಹಳ ಹೊತ್ತು ನೋಡಿದಳು.

"ಇಷ್ಟಾದರೆ ಆದೀತು," ಅಂದಳು.
"ಬೆಳಗಿನ ತಿಂಡಿ ಇದರಲ್ಲೇ ಸೇರಿದೆಯೋ,
ಅದಕ್ಕೂ ಬೇರೆ ಕೊಡಬೇಕೋ?"