ಬಾಯ್ತುಂಬ

ತೆಂಗಿನಗುಂಡಿ ಬಂದರಿನಲ್ಲಿ ಬೆಳಗಿನ ಐದೂವರೆಗೆ
ದೊಡ್ಡ ದೀಪದ ಕೆಳಗೆ ಕೂತು ಆರಿಸುತ್ತೇನೆ:
ಶಟ್ಲಿ ಒಂದು ಬುಟ್ಟಿ, ಲೆಪ್ಪೆ ಒಂದು ಬುಟ್ಟಿ,
ಹೆಸರಿಲ್ಲದ್ದೆಲ್ಲ ಕಚಡಾ.
ಮೀನೆಣ್ಣೆ ಮಿಲ್ಲಿನ ಲಾರಿ
ಇಂಜಿನ್ ಆರಿಸದೆ ಕಾಯುತ್ತದೆ.

ಅದರಲ್ಲಿ ಇದು.
ಕಿರುಬೆರಳುದ್ದ. ಕುಂಕುಮ ತೊಳೆದ ನೀರಿನ ಬಣ್ಣ,
ಮೂತಿಯಿಂದ ಬಾಲದ ತನಕ ಒಂದೇ ಕಪ್ಪು ಗೆರೆ,
ಮೈಗೆ ಮೀರಿದ ಕಣ್ಣು.
ಗಲ್ಲ ಊದಿತ್ತು, ಹಲ್ಲುನೋವಿನವರ ಹಾಗೆ.
ಮರಳು ನುಂಗಿರಬೇಕೆಂದು ಒತ್ತಿದೆ.

ಮರಳಲ್ಲ.
ಬೆಂದ ಸಾಬಕ್ಕಿಯಂಥ ಒಂದು ಮುದ್ದೆ,
ಒಂದೊಂದು ಕಾಳಿನೊಳಗೂ
ಎರಡೆರಡು ಚುಕ್ಕಿ.

‘ಗಂಡು ಅದು’ ಅಂದ ವಾಸು.
ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗುವ ದೋಣಿಯಲ್ಲಿ
ಮುಳುಗುವವರ ಸಿಲಿಂಡರ್ ಹೊರುತ್ತಾನೆ, ನೀರಡಿಯ ಸುದ್ದಿ ಗೊತ್ತು.
ಅದಕ್ಕೊಂದು ಇಂಗ್ಲಿಷ್ ಹೆಸರೂ ಹೇಳಿದ, ಮರೆತೆ.
‘ಹೆಣ್ಣು ಇಟ್ಟು ಹೋಗ್ತದೆ. ಮರಿಯಾಗೋ ತನಕ
ಇದು ಬಾಯಲ್ಲೇ ಇಟ್ಕೊಂಡು ಉಪವಾಸ.
ಹವಳದ ಸಂದು ಬಿಟ್ಟು ಆಚೆ ಬರೂದಿಲ್ಲ ಅಕ್ಕ,
ಇಲ್ಲಿಗೆ ಹೆಂಗೆ ಬಂತು?’

ಹೆಂಗೆ ಬಂತು.

ಅಪ್ಪನಿಗೆ ಗೊತ್ತಿತ್ತು ಆ ಜಾಗ.
ದ್ವೀಪದ ಬಿಳಿ ಬಂಡೆ, ದೂರದ ಘಟ್ಟದ ಗೂನು
ಒಂದಕ್ಕೊಂದು ನೇರ ಕೂತಾಗ
ಗಾಳ ಬಿಡಬೇಕು, ಬಲೆಯಲ್ಲ.
ಟ್ರಾಲರ್ ಸಾಹುಕಾರರು ಕೇಳಲು ಬಂದರು,
ಒಮ್ಮೆ ಸೀಸೆ ಹಿಡಿದು,
ಒಮ್ಮೆ ಅವ್ವನ ಆಸ್ಪತ್ರೆಯ ಬಿಲ್ಲು ಕಟ್ಟುತ್ತೇವೆಂದು.
ಶನಿಯಾರ ಮೊಗೇರ ಬಾಯಿ ಬಿಡಲಿಲ್ಲ.

ಜುಗ್ಗ ಅಂದರು ಊರವರು. ನಾನೂ ಅಂದೆ.
ಅವ್ವ ಹೋದಮೇಲೆ ಎರಡು ವರ್ಷ
ಒಂದೇ ಜಗಲಿಯಲ್ಲಿ ಮಾತಿಲ್ಲದೆ ಕೂತೆವು,
ನಾನು ಮೀನು ಉಜ್ಜುತ್ತ,
ಅವನು ಹರಿದ ಬಲೆಯ ದಾರ ಹಲ್ಲಲ್ಲಿ ಕಚ್ಚಿ.
ಆಮೇಲೆ ಅವನೂ ಹೋದ. ಜಾಗ
ಅವನ ಬಾಯಲ್ಲೇ ಹೋಯಿತು ಅಂದುಕೊಂಡಿದ್ದೆ.

ಈಗ ಗಾಜಿನ ಮೇಲೆ ಹಸಿರು ಗೆರೆ ಎಳೆದು
ಯಂತ್ರವೇ ಹೇಳುತ್ತದಂತೆ ಕಲ್ಲೆಲ್ಲಿ, ಮೀನೆಲ್ಲಿ.
ಬುಟ್ಟಿಯ ತಳದಲ್ಲಿ ಹವಳದ ಚೂರುಗಳಿವೆ,
ಮುರಿದ ಕಡೆ ಬೆಳ್ಳಗೆ,
ಈಗಷ್ಟೇ ಒಡೆದ ಕಾಯಿಯ ಹಾಗೆ.

ಲಾರಿಯವ ಹಾರ್ನ್ ಹೊಡೆದ.
ಮುದ್ದೆಯನ್ನು ತಿರುಗಿ ಅದರ ಬಾಯಿಗೆ ತುಂಬಲು ನೋಡಿದೆ.
ಹಿಡಿಸಲಿಲ್ಲ. ಮೊದಲು
ಅಷ್ಟು ಹೇಗೆ ಹಿಡಿಸಿಕೊಂಡಿತ್ತೋ.

ಬುಟ್ಟಿ ಮಗುಚಿದೆ.
ದಕ್ಕೆಯ ಅಂಚಿಗೆ ಹೋಗಿ ಕೈ ತೊಳೆದೆ,
ಬೆರಳ ಸಂದಿನಲ್ಲಿ ಒಂದು ಕಾಳು
ಎರಡು ಸಲ ತೊಳೆದರೂ ಹೋಗದೆ
ನೋಡುತ್ತಿತ್ತು.