ಕೈಗವಸು ಒಂದು ಜೊತಿ

ಒಂಬತ್ತನೇ ಇಯತ್ತೆಗೆ ಬಂದಮ್ಯಾಲೆ ಸರಕಾರ ಹೇಳ್ತು:
ಬರೇ ಪುಸ್ತಕ ಸಾಲದು, ಕೆಲಸದಾಗೂ ಕಲೀಬೇಕು,
ಎಂಬತ್ತು ತಾಸು, ಸಹಿ ಸಮೇತ.

ವಾಸ್ಕೋದ ನಮ್ಮ ಸಾಲ್ಯಾಗ ಚೀಟಿ ಎತ್ತಿದ್ರು.
ಸುದೀನಗ ಗ್ಯಾರೇಜು, ಝೀನಾಗ ಬ್ಯೂಟಿ ಪಾರ್ಲರು,
ನನಗ ಬೋಗ್ಮಾಳೊ ದಂಡಿಯ ಹೋಟೆಲ್ಲು, ಹಾಸಿಗಿ ಖಾತೆ.
"ನಸೀಬ ಚಲೋ ಐತಿ ನಿಂದು" ಅಂದ್ರು ಟೀಚರು.
ನಾ ಸುಮ್ಮನಿದ್ದೆ.
ಅದ ಹೋಟೆಲ್ಲಿನ ಹಿತ್ತಲ ಬಾಗಿಲದಾಗ
ಹನ್ನೊಂದು ವರ್ಷದಿಂದ ಹೋಗಿ ಬರತಾಳ ನಮ್ಮವ್ವ.

ನನ್ನ ಮುಂದಿನ ಬಾಗಿಲಿನಿಂದ ಒಳಗ ಕರಕೊಂಡ್ರು.

ರಾತ್ರಿ ಝುವಾರಿನಗರದ ಖೋಲ್ಯಾಗ
ಇಂಗ್ಲಿಷಿನ ನಿಯಮ ಕನ್ನಡ ಮಾಡಿ ಓದಿದೆ:
ದಿನಕ್ಕ ನಾಕು ತಾಸು ಮೀರಬಾರದು.
ಕುಂದ್ರಲಿಕ್ಕೆ ಜಾಗಾ ಇರಬೇಕು.
ಆಸಿಡ್ ಮುಟ್ಟಿಸಬಾರದು, ಕೈಗವಸು ಕೊಡಬೇಕು.
ಕತ್ತಲಾಗೂದ್ರಾಗ ಮನಿಗೆ ಕಳಿಸಬೇಕು.
ಅವ್ವ ರೊಟ್ಟಿ ಬಡಿಯೂದು ನಿಲ್ಲಿಸಿದಳು.
"ಯಾರು ಬರೆದ್ರು ಇದನ್ನೆಲ್ಲಾ?"
"ಸರಕಾರ."
"ನಮಗೂ ಒಂದು ಬರೀತಾರೇನು ಕೇಳು,
ಇಲ್ಲಾಂದ್ರ ನನ್ನೂ ನಿಮ್ಮ ಸಾಲಿಗೆ ಹಾಕು."
ನಕ್ಕಳು. ಮತ್ತ ಬಡಿದಳು,
ಬೇಕಾದ್ದಕ್ಕಿಂತ ಜೋರಲೆ.

ಹಗಲು ಆಗ್ನೆಲೊ ಸರ್ ಕಲಿಸಿದ್ರು:
ಚಾದರದ ಮೂಲಿ ನಲವತ್ತೈದು ಡಿಗ್ರಿ,
ಟಾವೆಲ್ಲಿನ ಹಂಸ, ಕುತ್ತಿಗಿ ನಿಲ್ಲೂ ಹಂಗ.
ನನ್ನ ಹಂಸ ಬಿದ್ದು ಬಿದ್ದು ಬಾತುಕೋಳಿ ಆತು.
ರಾತ್ರಿ ಅವ್ವ ಕಲಿಸಿದಳು:
ತುಕ್ಕಿಗೆ ನಿಂಬಿಹುಳಿ.
ದ್ರಾಕ್ಷಿ ಸೆರೆಗೆ ಮೊದಲ ಉಪ್ಪು, ಆಮ್ಯಾಲೆ ನೀರು.
ರಕ್ತಕ್ಕ ಬಿಸಿನೀರು ಹಾಕಿದಿ ಅಂದ್ರ
ಆ ಕಲೆ ಚಾದರದ ಜೋಡಿನ ಸಾಯತೈತಿ.
ತಲದಿಂಬು ಮೂಸಿ ಹೇಳತಾಳ,
ಯಾರು ಮಲಗಿದ್ರು, ಯಾರು ಬರೇ ಅತ್ತರು.

ದಿನಚರಿಯ ಕಾಲಂ: ಇಂದು ಕಲಿತದ್ದು, ಕಲಿಸಿದವರು, ವಿದ್ಯಾರ್ಹತೆ.
ನಾ ಬರೆದೆ: ಕಲೆ ತೆಗೆಯುವುದು,
ದ್ಯಾಮವ್ವ ಹೊಸಮನಿ, ಹನ್ನೊಂದು ವರ್ಷ.
ಟೀಚರ್ ಕೆಂಪು ಪೆನ್ನಿಲೆ ಗೀಟು ಎಳೆದ್ರು,
ಸಿಟ್ಟಿಲೆ ಅಲ್ಲ. ಪಟ್ಟಿ ಇಟಕೊಂಡು.
ಗುತ್ತಿಗಿ ಮಂದಿ ಹೋಟೆಲ್ಲಿನ ಲೆಕ್ಕಕ್ಕ ಬರೂದಿಲ್ಲಂತ.
ಆಗ್ನೆಲೊ ಸರ್ ಹೆಸರು ಬರಸಿದ್ರು.

ಹದಿಮೂರನೇ ದಿನ, ಮೂರನೇ ಮಹಡಿ.
ಮೈಲಿಗಿ ಚಾದರದ ಬಂಡಿ ತಳ್ಳಿಕೋತ ಅವ್ವ ಎದುರಾದಳು.
ಗ್ವಾಡಿಗೆ ಸರದು ನಿಂತು
"ಗುಡ್ ಮಾರ್ನಿಂಗ್ ಮ್ಯಾಡಂ" ಅಂದಳು,
ಕೊರಳಾಗ ಚೀಟಿ ಇದ್ದವರಿಗೆಲ್ಲಾ ಹಂಗ ಅನಬೇಕಂತ
ಆಕಿಗೆ ಕಲಿಸ್ಯಾರ.
ಚಾಷ್ಟಿಗೆ ಅಂದಳೋ ಏನೋ, ಇವತ್ತಿಗೂ ನಾ ಕೇಳಿಲ್ಲ.
ಚೀಟಿ ತಿರುವಿ ಹಿಡಕೊಂಡೆ.

ಎಂಬತ್ತು ತಾಸು ಮುಗೀತು.
ಎರಡನೇ ಹಂತ ಅಂತ ಪ್ರಮಾಣಪತ್ರ ಬಂತು.
ದಿನಚರಿಯ ಕೊನೀ ಹಾಳ್ಯಾಗ ವಾಪಸ್ ಕೊಡೂ ಸಾಮಾನು:
ಏಪ್ರನ್ ಒಂದು, ಗುರುತಿನ ಚೀಟಿ ಒಂದು,
ಕೈಗವಸು ಒಂದು ಜೊತಿ.

ಹಿಂದಿನ ರಾತ್ರಿ
ಅವ್ವನ ಕೈಗೆ ಸಾಬೂನು ಹಚ್ಚಿ,
ಬಳಿಗಾರ ಗೆಣ್ಣು ಒತ್ತಿ ಬಳಿ ಏರಿಸೂ ಹಂಗ
ಒಂದೊಂದ ಬೆರಳು ಏರಿಸಿದ್ದೆ.
ಬಿರುಕಿನ್ಯಾಗ ಸಾಬೂನು ಉರೀತು,
ಆಕಿ ಕೈ ಹಿಂದಕ್ಕ ತಗೀಲಿಲ್ಲ.
ಬಿಗಿ ಆದವು. ಆದರೂ ಕುಂತವು.

ಇಡೀ ದಿನಚರ್ಯಾಗ ನಾನ ಬರೆದ ಸುಳ್ಳು ಒಂದ:
ಕೈಗವಸು ಕಳೆದಾವು.